ಪಡಸಾಲೆಯ ಮಾತು: ಮಾಲೆಯ ಬೀದಿಗಿಳಿದ ಮೂವರು

ನಮ್ಮ ಸಂಘದ ಪಡಸಾಲೆಯಲ್ಲಿ ಕ್ರಿಕೆಟಿನ ಮಾತು ನಿತ್ಯದ ಊಟ. ಕಾಲ್ಚೆಂಡಿನ ಮಾತು ಹಬ್ಬದೂಟ. ಹಬ್ಬದೂಟದಂತೆಯೇ ಅದು ಕುಳಿತವರನ್ನು ಬೇಗ ಏಳಗೊಡುವುದಿಲ್ಲ. ಮೊನ್ನೆ ಗ್ರಂಥಾಲಯದ ಮೇಜಿನ ಸುತ್ತ ಸೇರಿದ್ದ ಆರೇಳು ಮಂದಿಯಲ್ಲಿ ಒಬ್ಬರು ಬೆಂಗಳೂರು ಎಫ್.ಸಿ. ತಂಡದ ಹೆಸರೆತ್ತಿದರು. ಇನ್ನೊಬ್ಬರು 2021ರ ಮಾಲೆಯ ಪ್ರಕರಣವನ್ನು ಕೆದಕಿದರು. ಬಾಗಿಲು ಹಾಕುವ ಹೊತ್ತಾದರೂ ವಾದ ಮುಗಿಯದುದರಿಂದ ಅದರ ಉಳಿದ ಭಾಗವನ್ನು ವಾಚಕರ ಮುಂದೆಯೇ ಇಡಬೇಕಾಗಿದೆ.

ಮುಂಬಯಿಯಲ್ಲಿ ನೆಲಸಿದ ಕನ್ನಡಿಗರಿಗೆ ಕಾಲ್ಚೆಂಡಿನ ಗೊಡವೆ ಏಕೆಂದು ಕೇಳುವವರಿಗೆ ಒಂದು ಹಳೆಯ ಸಂಗತಿಯನ್ನು ಹೇಳಿಬಿಡುತ್ತೇವೆ. ಈ ಊರಿನ ರೋವರ್ಸ್ ಕಪ್ಪು 1891ರಲ್ಲಿ ಆರಂಭವಾದುದು. ಎಷ್ಟೋ ವರ್ಷ ಅದು ಗೋರಾ ಪಲ್ಟನ್ನುಗಳ ಸ್ವಂತ ಸೊತ್ತಿನಂತಿತ್ತು. 1937ರಲ್ಲಿ ಅದನ್ನು ಮೊದಲ ಬಾರಿಗೆ ಗೆದ್ದ ಭಾರತೀಯ ತಂಡ ಕಲಕತ್ತೆಯದಲ್ಲ, ಮುಂಬಯಿಯದೂ ಅಲ್ಲ, ಬೆಂಗಳೂರು ಮುಸ್ಲಿಮ್ಸ್. ಕಲಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗ್ ಎಂಬ ಹುಲಿಯನ್ನು ಒಂದೇ ಗೋಲಿನಿಂದ ಮಣಿಸಿದರು. ಮರುವರ್ಷವೂ ಕಪ್ಪು ಅವರದೇ. ಹೀಗೆ ನಮ್ಮ ನಾಡಿನ ಚೆಂಡು ಈ ಊರಿನಲ್ಲಿ ಹೆಸರು ಮಾಡಿ ತಲೆಮಾರುಗಳೇ ಸಂದಿವೆ.

ಈಗಿನವರಿಗೆ 2019ರ ಮಾರ್ಚ್ 17ರ ನೆನಪೇ ಸಾಕು. ಅಂಧೇರಿಯ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯ; ಎದುರಿಗೆ ಗೋವಾ. ಹೆಚ್ಚುವರಿ ಸಮಯವೂ ಮುಗಿಯುತ್ತ ಬಂದಾಗ, 117ನೆಯ ನಿಮಿಷದಲ್ಲಿ, ರಾಹುಲ್ ಭೇಕೆ ತಲೆಗೊಟ್ಟು ಗೋಲು ಹೊಡೆದು ಬೆಂಗಳೂರಿಗೆ ಕಪ್ಪು ತಂದನು. ಭೇಕೆ ಮುಂಬಯಿಯ ಹುಡುಗ. ಆದುದರಿಂದ ಆ ರಾತ್ರಿ ಎರಡು ಊರಿನ ಋಣವೂ ಒಟ್ಟಿಗೆ ತೀರಿತೆಂದು ನಾವು ಸಂತೋಷಪಟ್ಟೆವು. ಎಲ್ಲ ಪಂದ್ಯಗಳೂ ಇಷ್ಟು ದಯಾಳುಗಳಲ್ಲ. 2022ರ ಸೆಪ್ಟೆಂಬರ್ 18ರಂದು ಡ್ಯುರಾಂಡ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಬೆಂಗಳೂರು ಮುಂಬಯಿ ಸಿಟಿ ತಂಡವನ್ನೇ 2-1ರಿಂದ ಸೋಲಿಸಿದಾಗ ಒಂದೇ ಮನೆಯಲ್ಲಿ ತಂದೆ ಚಪ್ಪಾಳೆ ತಟ್ಟಿದರೆ ಮಗ ಊಟ ಬಿಟ್ಟು ಮಲಗಿದ ಉದಾಹರಣೆಗಳು ನಮ್ಮ ಸದಸ್ಯರಲ್ಲಿಯೇ ಉಂಟು.

ಇನ್ನು ಮಾಲೆಯ ಪ್ರಕರಣ. ಬೆಂಗಳೂರು ತಂಡ 2016ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯದವರೆಗೆ ಹೋದ ಮೊದಲ ಭಾರತೀಯ ಕ್ಲಬ್ಬು. ದೋಹಾದಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ಬಿಗೆ ಒಂದು ಗೋಲಿನಿಂದ ಸೋತಿತು. ಆದುದರಿಂದ ಆ ಕಪ್ಪಿನ ಮೇಲೆ ಅಭಿಮಾನಿಗಳಿಗೆ ಒಂದು ಹಳೆಯ ಬಾಕಿಯಿತ್ತು. (2024ರಿಂದ ಆ ಪಂದ್ಯಾವಳಿ ಬೇರೆ ಹೆಸರಿನಿಂದ ನಡೆಯುತ್ತಿದೆ.) 2021ರ ಏಪ್ರಿಲಿನಲ್ಲಿ ಗೋವೆಯಲ್ಲಿ ನೇಪಾಳದ ತ್ರಿಭುವನ್ ಆರ್ಮಿ ತಂಡವನ್ನು 5-0ರಿಂದ ಸೋಲಿಸಿ, ಮೇ 11ರಂದು ಕ್ಲಬ್ ಈಗಲ್ಸ್ ಎದುರು ಆಡಲೆಂದು ತಂಡ ಮಾಲ್ದೀವ್ಸಿನ ರಾಜಧಾನಿ ಮಾಲೆಗೆ ಹೋಯಿತು.

ಅದು ಕೊರೋನಾದ ಎರಡನೆಯ ಅಲೆಯ ಕಾಲ. ಆಟಗಾರರು ಹೋಟೆಲು, ಬಸ್ಸು, ಮೈದಾನ ಇವಿಷ್ಟನ್ನು ಬಿಟ್ಟು ಎಲ್ಲಿಯೂ ಕಾಲಿಡಬಾರದೆಂದು ಕಟ್ಟಪ್ಪಣೆ. ಹೀಗಿರುತ್ತ ತಂಡಕ್ಕೆ ಸೇರಿದವರು ಊರ ಬೀದಿಯಲ್ಲಿ ತಿರುಗಾಡಿದುದು ಬೆಳಕಿಗೆ ಬಂತು. ಅಲ್ಲಿಯ ಕ್ರೀಡಾ ಮಂತ್ರಿ ಅಹ್ಮದ್ ಮಹ್ಲೂಫರು ಇದನ್ನು ಸಹಿಸಲಾಗದು, ಕ್ಲಬ್ಬು ಕೂಡಲೇ ದೇಶ ಬಿಟ್ಟು ಹೊರಡತಕ್ಕದ್ದು ಎಂದು ಬಹಿರಂಗವಾಗಿಯೇ ಸಾರಿದರು. ಮಾಲೀಕರಾದ ಪಾರ್ಥ್ ಜಿಂದಾಲರು, ಅಂದರೆ ನಮ್ಮ ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ನಡೆಸುವ ಮನೆತನದವರು, ವಿದೇಶೀ ಆಟಗಾರರು ಹಾಗೂ ಸಿಬ್ಬಂದಿಯಲ್ಲಿ ಮೂವರ ನಡತೆ ಅಕ್ಷಮ್ಯವೆಂದು ಒಪ್ಪಿ ಕ್ಷಮೆ ಕೇಳಿದರು. ಪಂದ್ಯ ನಿಂತಿತು. ಮುಂದಿನ ಗುಂಪು ಪಂದ್ಯಗಳೂ ಮುಂದಕ್ಕೆ ಹೋದವು. ತಂಡ ಚೆಂಡು ಮುಟ್ಟದೆ ಮರಳಿತು.

ಪಡಸಾಲೆಯ ವಾದ ಇಲ್ಲಿಂದ. ಡೊಂಬಿವಲಿಯ ತರುಣರೊಬ್ಬರು, "ನಾಲ್ಕು ಹೆಜ್ಜೆ ನಡೆದು ಬಂದದ್ದೇ ಮಹಾಪರಾಧವೇ? ಕದ್ದರೇ, ಬಡಿದಾಡಿದರೇ?" ಎಂದರು. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು, "ತಪ್ಪು ಮೂವರದು, ಇಡೀ ತಂಡವನ್ನು ಗಂಟುಮೂಟೆ ಕಟ್ಟಿಸಿದ್ದು ಯಾವ ನ್ಯಾಯ?" ಎಂದರು. ಅಲ್ಲಿಯವರೆಗೆ ಸುಮ್ಮನೆ ಪತ್ರಿಕೆ ತಿರುವುತ್ತಿದ್ದ, ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿದ ಒಬ್ಬ ತಾಯಿ ಒಂದೇ ಮಾತು ಹೇಳಿದರು: "ಆ ಮೇ ತಿಂಗಳಲ್ಲಿ ನೀವೆಲ್ಲ ಎಲ್ಲಿದ್ದಿರಿ?"

ನಿಜ, ಎಲ್ಲಿದ್ದೆವು? ದೇಶದಲ್ಲಿ ದಿನಕ್ಕೆ ನಾಲ್ಕು ಲಕ್ಷ ಮಂದಿಗೆ ಸೋಂಕು ತಗಲುತ್ತಿದ್ದ ವಾರವದು. ಮುಂಬಯಿಯ ಲೋಕಲ್ ಗಾಡಿ ಸಾಮಾನ್ಯರಿಗೆ ಮುಚ್ಚಿತ್ತು. ನಮ್ಮವರ ಹೋಟೆಲುಗಳಲ್ಲಿ ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕಿ, ಬಾಗಿಲಲ್ಲಿ ಇಡ್ಲಿಯ ಪೊಟ್ಟಣ ಕಟ್ಟಿ ಕೊಡುತ್ತಿದ್ದರು. ಕೆಲಸದ ಹುಡುಗರಲ್ಲಿ ಎಷ್ಟೋ ಮಂದಿ ಊರಿನ ಬಸ್ಸು ಹಿಡಿದಿದ್ದರು. ಮುಖಕ್ಕೆ ಬಟ್ಟೆಯಿಲ್ಲದೆ ಬೀದಿಗೆ ಬಂದವರಿಂದ ನಗರಪಾಲಿಕೆಯವರು 200 ರೂಪಾಯಿ ದಂಡ ವಸೂಲು ಮಾಡುತ್ತಿದ್ದರು. ಊರಲ್ಲಿ ತಂದೆ ತೀರಿಕೊಂಡರೆ ಇಲ್ಲಿಂದಲೇ ಕೈಮುಗಿದವರು ನಮ್ಮಲ್ಲಿ ಇದ್ದಾರೆ. ಅಂಥ ದಿನಗಳಲ್ಲಿ, ವಿಮಾನ ಹತ್ತಿ ಹೋಗಿ ಆಟವಾಡುವ ವಿಶೇಷಾವಕಾಶ ಪಡೆದವರು ಆ ಅವಕಾಶಕ್ಕಿದ್ದ ಒಂದೇ ಷರತ್ತನ್ನು ಪಾಲಿಸಲಿಲ್ಲವೆಂಬುದು ಆ ತಾಯಿಯ ಸಿಟ್ಟು. ನಮಗೂ ಅದೇ ಸಿಟ್ಟಿದೆ. ಅಪರಾಧದ ತೂಕ ನಡೆದ ಹೆಜ್ಜೆಗಳ ಲೆಕ್ಕದಿಂದ ಬರುವುದಿಲ್ಲ. ಮಾಲೆ ಎಂಬುದು ಸಮುದ್ರದ ನಡುವೆ ಮನೆಗೆ ಮನೆ ಒತ್ತಿಕೊಂಡಿರುವ ಪುಟ್ಟ ನಗರ. ಪ್ರವಾಸಿಗಳಿಂದಲೇ ಅನ್ನ ಕಾಣುವ ದೇಶ ಬಂದವರ ಮೇಲೆ ಸಿಟ್ಟಾಯಿತೆಂದರೆ ಅದಕ್ಕೆ ಭಯವೇ ಕಾರಣವಾಗಿರಬೇಕು.

ಹಿರಿಯರ ಪ್ರಶ್ನೆ ಇನ್ನೂ ಕಠಿಣ. ಮೂವರಿಗಾಗಿ ಎಲ್ಲರೇಕೆ? ಇದಕ್ಕೆ ಎರಡು ಉತ್ತರಗಳಿವೆಯೆಂದು ನಮಗೆ ತೋರುತ್ತದೆ. ರೋಗದ ವಿಷಯದಲ್ಲಿ ತಂಡವೆಂಬುದು ಒಂದೇ ಕೊಡ. ಒಂದು ಕಡೆ ತೂತಾದರೆ ನೀರು ಅಷ್ಟೂ ಹೋಗುತ್ತದೆ. ಹೊರಗೆ ಹೋದವನು ಹಿಂದಿರುಗಿ ಅದೇ ಊಟದ ಮನೆಯಲ್ಲಿ ಕುಳಿತ ಮೇಲೆ, ಹೋದವರು ಯಾರು ಹೋಗದವರು ಯಾರೆಂದು ಸೋಂಕು ವಿಚಾರಿಸುವುದಿಲ್ಲ. ಆದುದರಿಂದ ಎಲ್ಲರನ್ನೂ ಹೊರಡಿಸಿದ್ದು ಸರಿ. ಆದರೆ ಕಳಂಕದ ವಿಷಯ ಬೇರೆ. ಅದು ಮಾಡಿದವನದು, ಅವನೊಬ್ಬನದು. "ಬೆಂಗಳೂರಿನವರು ಹೀಗೆ ಮಾಡಿದರು" ಎಂಬ ಮಾತು ಆ ವಾರ ಲೋಕಲ್ಲಿನಲ್ಲಿ ಅಲ್ಲದಿದ್ದರೂ ದೂರವಾಣಿಯಲ್ಲಿ ನಮ್ಮ ಕಿವಿಗೂ ಬಿತ್ತು. ಹೋದ ಮೂವರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು ಒಬ್ಬರೂ ಇರಲಿಲ್ಲವಷ್ಟೆ!

ಈ ಎರಡನೆಯ ನೋವು ವಲಸೆ ಬಂದವರಿಗೆ ಚೆನ್ನಾಗಿ ಗೊತ್ತು. ಚಾಳಿನಲ್ಲಿ ನಮ್ಮ ಖಾನಾವಳಿಯ ಒಬ್ಬ ಹುಡುಗ ರಾತ್ರಿ ಗದ್ದಲ ಮಾಡಿದರೆ ಬೆಳಿಗ್ಗೆ ನಲ್ಲಿಯ ಬಳಿ ಅವನ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. "ಈ ಮದ್ರಾಸಿಗಳೇ ಹೀಗೆ" ಎನ್ನುತ್ತಿದ್ದರು. ಕುಂದಾಪುರದವನೂ ಧಾರವಾಡದವನೂ ಅದೇ ಹೆಸರಿನಲ್ಲಿ ಮುಳುಗುತ್ತಿದ್ದರು. 1960ರ ದಶಕದ ಕೊನೆಯಲ್ಲಿ ದಕ್ಷಿಣದವರನ್ನೆಲ್ಲ ಒಂದೇ ಹಗ್ಗದಲ್ಲಿ ಕಟ್ಟಿ ಉಡುಪಿ ಹೋಟೆಲುಗಳ ಮೇಲೆ ಕಲ್ಲು ತೂರಿದ್ದನ್ನು ಹಿರಿಯ ಸದಸ್ಯರು ಮರೆತಿಲ್ಲ. ಪರಸ್ಥಳದಲ್ಲಿ ಒಬ್ಬನ ನಡತೆ ಒಬ್ಬನದಾಗಿ ಉಳಿಯುವುದಿಲ್ಲವೆಂದು ಮಕ್ಕಳಿಗೆ ಹೇಳುತ್ತಲೇ ಬಂದಿದ್ದೇವೆ. ಹೇಳುವಾಗಲೆಲ್ಲ, ಇದು ಅನ್ಯಾಯವೆಂದೂ ಮನಸ್ಸಿನಲ್ಲಿ ಅಂದುಕೊಂಡಿದ್ದೇವೆ.

ಶಿಕ್ಷೆ ಹೇಗಿರಬೇಕೆಂಬ ಮಾತಿಗೆ ಕ್ರಿಕೆಟಿನವರು ಒಮ್ಮೆ ಒಳ್ಳೆಯ ದಾರಿ ತೋರಿಸಿದ್ದರು. 2019ರ ಜನವರಿಯಲ್ಲಿ ದೂರದರ್ಶನದ ಒಂದು ಹರಟೆಯ ಕಾರ್ಯಕ್ರಮದಲ್ಲಿ ಹಾರ್ದಿಕ್ ಪಾಂಡ್ಯ ಹೆಂಗಸರ ವಿಷಯದಲ್ಲಿ ಹಗುರವಾಗಿ ಮಾತಾಡಿದ್ದನು. ಜತೆಗೆ ಕುಳಿತಿದ್ದವನು ನಮ್ಮ ಕೆ.ಎಲ್. ರಾಹುಲ್. ಇಬ್ಬರನ್ನೂ ಆಸ್ಟ್ರೇಲಿಯದಿಂದ ವಾಪಸು ಕರೆಸಿಕೊಂಡರು. ಬಳಿಕ ನ್ಯಾಯಮೂರ್ತಿ ಡಿ.ಕೆ. ಜೈನರು ತಲಾ 20 ಲಕ್ಷ ರೂಪಾಯಿ ದಂಡ ವಿಧಿಸಿ, ಅದರಲ್ಲಿ 10 ಲಕ್ಷವನ್ನು ಕರ್ತವ್ಯದಲ್ಲಿ ಮಡಿದ ಹತ್ತು ಅರೆಸೇನಾ ಪೇದೆಗಳ ಕುಟುಂಬಗಳಿಗೂ, 10 ಲಕ್ಷವನ್ನು ಅಂಧರ ಕ್ರಿಕೆಟಿಗೂ ಕೊಡಬೇಕೆಂದರು. ದಂಡ ಕಟ್ಟಿದವನ ಹೆಸರು ತಿಳಿಯಿತು, ಹಣ ಯಾರಿಗೆ ಸೇರಿತೆಂದೂ ತಿಳಿಯಿತು. ಅದರೊಂದಿಗೆ ಊರಿನ ಮೇಲೆ ಗೂಬೆ ಕೂರಿಸುವ ಬಾಯಿಗಳೂ ಮುಚ್ಚಿದವು. ಮಾಲೆಯ ಕ್ಷಮಾಪಣೆಯಲ್ಲಿ ಹೆಸರುಗಳಿರಲಿಲ್ಲ. ಇದು ದಾಕ್ಷಿಣ್ಯವೇ ಆಗಿರಬಹುದು. ಆದರೆ ಆ ದಾಕ್ಷಿಣ್ಯದ ಬೆಲೆಯನ್ನು ಕೋಣೆಯಲ್ಲೇ ಕುಳಿತಿದ್ದ ಉಳಿದ ಆಟಗಾರರು ತೆತ್ತರು.

ಮಾಲೆಯವರು ತಂಡವನ್ನು ಮತ್ತೆ ಬರಗೊಟ್ಟರೆಂಬುದನ್ನು ಡೊಂಬಿವಲಿಯ ತರುಣರು ಮರೆತೇಬಿಟ್ಟಿದ್ದರು. ಅದೇ ಊರಿನಲ್ಲಿ, ಅದೇ ಕ್ಲಬ್ ಈಗಲ್ಸ್ ಎದುರು, ನಿಂತುಹೋದ ಪಂದ್ಯ 2021ರ ಆಗಸ್ಟ್ 15ರಂದು ನಡೆಯಿತು. ಬೆಂಗಳೂರು 1-0ರಿಂದ ಗೆದ್ದಿತು; ಗೋಲು ಹೊಡೆದ ಜಯೇಶ್ ರಾಣೆಯೂ ಮುಂಬಯಿಯವನೇ. ಎರಡು ಚುಚ್ಚುಮದ್ದು ಹಾಕಿಸಿಕೊಂಡವರಿಗೆ ಮುಂಬಯಿಯ ಲೋಕಲ್ ಗಾಡಿ ಮತ್ತೆ ತೆರೆದುದು ಕೂಡ ಅದೇ ದಿನ. ಮೂರು ದಿನ ಕಳೆದು ಮೋಹನ್ ಬಾಗಾನ್ ನಮ್ಮವರನ್ನು 2-0ರಿಂದ ಸೋಲಿಸಿತು. ಬಾಂಗ್ಲಾದ ಬಸುಂಧರಾ ಕಿಂಗ್ಸ್ ಜತೆ ಗೋಲಿಲ್ಲದ ಸಮಬಲ. ಕೊನೆಗೆ ಮಾಲೆಯ ಮಾಜಿಯಾ ತಂಡದ ಮೇಲೆ 6-2ರ ಜಯ ಬಂದರೂ ಕಪ್ಪಿನ ದಾರಿ ಅಷ್ಟರಲ್ಲಿ ಮುಚ್ಚಿತ್ತು.