ಅಲ್ಪಜೀವಿಯ ಆತ್ಮರಕ್ಷಣೆ

ನೊಣದ ರೋಗವನ್ನು ಕುರಿತು ಸಂಶೋಧನೆ ನಡೆಸಿದರೆ ಮನುಷ್ಯನಿಗೆ ಆಗುವ ಪ್ರಯೋಜನವೇನು ಎಂದು ಕೇಳುವವರು ನಮ್ಮಲ್ಲಿ ಅನೇಕರುಂಟು. ಪ್ರಶ್ನೆ ವಿವೇಕದ್ದಾಗಿ ತೋರಿದರೂ ವಿಜ್ಞಾನದ ಚರಿತ್ರೆ ಅದನ್ನು ಸಮರ್ಥಿಸುವುದಿಲ್ಲವೆಂಬುದು ನಮ್ಮ ಅಭಿಪ್ರಾಯ.

ನಮ್ಮ ರಕ್ತದಲ್ಲಿರುವಂತಹ ಪ್ರತಿಕಾಯಗಳು ಕೀಟಗಳಿಗಿಲ್ಲ. ಹಾಗೆಂದು ಅವು ನಿರಾಯುಧವಲ್ಲ. ಹಣ್ಣಿನ ನೊಣದ ಮರಿಹುಳುವಿನೊಳಗೆ ಪರೋಪಜೀವಿಯಾದ ಕಣಜವು ಮೊಟ್ಟೆಯಿಟ್ಟರೆ, ಹುಳುವಿನ ರಕ್ತಕಣಗಳು ಆ ಮೊಟ್ಟೆಯನ್ನು ಸುತ್ತುವರಿದು ಕಪ್ಪು ಕವಚದೊಳಗೆ ಬಂಧಿಸಿ ಕೊಲ್ಲಲೆತ್ನಿಸುತ್ತವೆ. ಬ್ಯಾಕ್ಟೀರಿಯಗಳ ಪೊರೆಯನ್ನು ಭೇದಿಸುವ ಸಿಕ್ರೋಪಿನ್ ಎಂಬ ಪದಾರ್ಥವನ್ನು ಸ್ವೀಡನ್ನಿನ ಹಾನ್ಸ್ ಬೊಮನ್ ಮತ್ತು ಸಂಗಡಿಗರು ಸಿಕ್ರೋಪಿಯ ಎಂಬ ದೊಡ್ಡ ಪತಂಗದಲ್ಲಿ ಕಂಡು 1981ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು.

ನೊಣದ 'ಟೋಲ್' ಎಂಬ ಜೀನು ಭ್ರೂಣದ ಬೆಳವಣಿಗೆಗೆ ಬೇಕಾದುದೆಂದು ಮೊದಲೇ ತಿಳಿದಿತ್ತು. ಅದು ಕೆಟ್ಟಿರುವ ನೊಣಗಳು ಬೂಷ್ಟಿನ ಸೋಂಕನ್ನು ತಡೆಯಲಾರದೆ ಸಾಯುತ್ತವೆಂದು ಫ್ರಾನ್ಸಿನ ಜೂಲ್ಸ್ ಹಾಫ್‌ಮನ್ ಅವರ ತಂಡ 1996ರಲ್ಲಿ ತೋರಿಸಿತು. ಇಲಿಗಳಲ್ಲಿ ಇದನ್ನೇ ಹೋಲುವ ಜೀನೊಂದು ಕೆಲವು ಬ್ಯಾಕ್ಟೀರಿಯಗಳ ವಿಷವಸ್ತುವನ್ನು ಗುರುತಿಸಲು ಅವಶ್ಯವೆಂದು 1998ರಲ್ಲಿ ಅಮೆರಿಕದ ಬ್ರೂಸ್ ಬಾಯ್ಟ್ಲರ್ ಮತ್ತು ಸಂಗಡಿಗರು ಕಂಡುಕೊಂಡರು. ಇಂತಹ ಜೀನುಗಳು ಮನುಷ್ಯರಲ್ಲಿಯೂ ಉಂಟು. 2011ರ ವೈದ್ಯವಿಜ್ಞಾನದ ನೊಬೆಲ್ ಪಾರಿತೋಷಕದ ಅರ್ಧಭಾಗ ಇವರಿಬ್ಬರಿಗೆ ಸಂದಿತು.

ನೊಣದಲ್ಲಿ ಹುಡುಕಿದುದು ನಮ್ಮ ದೇಹದ ಕಾವಲುಗಾರನನ್ನೇ ತೋರಿಸಿಕೊಟ್ಟಿತು. ಬಿತ್ತಿದ ದಿನವೇ ಫಲವನ್ನು ಕೇಳುವವನು ಬೇಸಾಯಕ್ಕೆ ತಕ್ಕವನಲ್ಲ. ಸಂಶೋಧನೆಗೆ ಹಣವನ್ನು ಹಂಚುವವರು ಇದನ್ನು ಮರೆಯಬಾರದು. ವಿದ್ಯಾರ್ಥಿಗಳಾದರೂ 'ಪ್ರಯೋಜನವೇನು?' ಎಂಬುದಕ್ಕಿಂತ ಮೊದಲು 'ಇದು ಹೇಗೆ?' ಎಂದು ಕೇಳುವುದನ್ನು ರೂಢಿಸಿಕೊಳ್ಳಲಿ.