ಧೂಪಾರತಿ ತಳದಲ್ಲಿದ್ದ ಹೆಸರು

ಹೋದ ವಾರ ನಮ್ಮ ನಾದಿನಿ ಮಗಳು ಕೊತ್ತಗೆರೆಗೆ ಬಂದಿದ್ಲು. ಫೋನಲ್ಲಿ ಒಂದು ಫೋಟೋ ತೋರಿಸಿದ್ಲು. ಚೀನಾದವರ ಹಳೇ ಕಂಚಿನ ಧೂಪದ ಪಾತ್ರೆ. ಮೂರು ಕಾಲು, ಎರಡು ಕಿವಿ, ಅಂಗೈಲಿ ಕೂರೋ ಅಷ್ಟಿದೆ. "ಇಂಥದ್ದಕ್ಕೆ ಲಕ್ಷಗಟ್ಲೆ ಕೊಡೋರಿದ್ದಾರೆ ಅತ್ತೆ" ಅಂದ್ಲು.

ಅಂಥ ಎಷ್ಟೋ ಪಾತ್ರೆಗಳ ತಳದಲ್ಲಿ ಶ್ವಾಂದೆ ಅನ್ನೋ ಮಿಂಗ್ ವಂಶದ ದೊರೆ ಹೆಸರು ಇರುತ್ತೆ. ಆತ ಆಳಿದ್ದು 1425ರಿಂದ 1435ರವರೆಗೆ, ಹತ್ತು ವರ್ಷಾನೂ ತುಂಬ್ಲಿಲ್ಲ. ಆದ್ರೂ ಆಮೇಲೆ ನೂರಾರು ವರ್ಷ ಮಾಡಿದ ಪಾತ್ರೆಗಳಿಗೂ ಅದೇ ಹೆಸರು ಹಾಕ್ತಾ ಬಂದ್ರು. ಆ ಹೆಸರಿಗೆ ಅಷ್ಟು ಬೆಲೆ.

ಇದೆಲ್ಲಾ ಹೇಳಿ ಆ ಹುಡುಗಿ ಕೇಳಿದ್ಲು, "ಅಜ್ಜಿದೂ ಒಂದು ಧೂಪಾರತಿ ಇತ್ತಲ್ಲ, ಎಲ್ಲತ್ತೆ?"

ಇತ್ತು. ಹಿತ್ತಾಳೇದು, ಹಿಡಿ ತುದೀಲಿ ನಾಗರ ಹೆಡೆ. ನಮ್ಮತ್ತೆಗೆ ತೌರಿನವರು ಕೊಟ್ಟಿದ್ದು. ತಳದಲ್ಲಿ ಚುಕ್ಕಿ ಚುಕ್ಕಿ ಕುಟ್ಟಿ ಅವರ ಹೆಸರು ಹಾಕಿಸಿದ್ರು. ಎಣ್ಣೆ ನೀರು ಹಾಕ್ಕೊಂಡ ದಿನ ಹಂಡೆ ಒಲೆಯಿಂದ ಕೆಂಡ ತೆಗೆದು, ಸಾಂಬ್ರಾಣಿ ಪುಡಿ ಉದುರಿಸಿ, ಮೇಲೆ ಮಂಕರಿ ಬೋರಲು ಹಾಕಿ ನನ್ನ ಕೂದ್ಲು ಹರಡೋರು. ನನ್ನ ಎರಡು ಬಾಣಂತನದಲ್ಲೂ ಆ ಹೊಗೇನೇ.

ಗ್ಯಾಸು, ಗೀಸರು ಬಂದ್ವು. ಕೆಂಡಾನೇ ಇಲ್ಲ ಅಂದ್ಮೇಲೆ ಧೂಪಾರತಿಗೇನು ಕೆಲ್ಸ? ಅಟ್ಟ ಸೇರ್ತು. ಅತ್ತೆ ತೀರ್ಕೊಂಡ ಮೂರನೇ ವರ್ಷ ಮನೆಗೆ ಬಣ್ಣ ಹೊಡೆಸುವಾಗ ಹಳೇ ಹಿತ್ತಾಳೆ ಎಲ್ಲಾ ಚೀಲಕ್ಕೆ ತುಂಬಿ ಕುಣಿಗಲ್‌ನ ಪಾತ್ರೆ ಅಂಗಡಿಗೆ ತೂಕಕ್ಕೆ ಹಾಕ್ಬಿಟ್ಟೆ. ಬದಲಿಗೆ ಸ್ಟೀಲ್ ಡಬ್ಬ ತಂದೆ. ಅವತ್ತು ಖುಷಿಯಾಗೇ ಬಂದೆ ಕಣ್ರೇ. ನಾದಿನೀನ ಒಂದು ಮಾತು ಕೇಳ್ಲಿಲ್ಲ.

ನಮ್ಮತ್ತೆ ಹೆಸರಲ್ಲಿ ಪಹಣಿ ಇರ್ಲಿಲ್ಲ, ಮನೆ ಖಾತೆ ಇರ್ಲಿಲ್ಲ, ಇಸ್ಕೂಲು ಸರ್ಟಿಫಿಕೇಟೂ ಇರ್ಲಿಲ್ಲ. ಅವರದ್ದು ಅಂತ ಹೆಸರು ಬರೆದಿದ್ದೇ ಅಂಥ ನಾಕು ಪಾತ್ರೆ ಮೇಲೆ. ಅದನ್ನ ಕರಗಿಸೋಕೆ ನಾನೇ ಕೊಟ್ಟೆ.

"ಎಲ್ಲಾ ಇಟ್ಕೊಂಡ್ರೆ ತೊಳೆಯೋರ್ಯಾರು" ಅಂತೀರಿ. ನಿಜ, ನಂಗೂ ಮಂಡಿನೋವು. ಹಂಡೆ, ಕೊಳಗ ಬೇಕಾದ್ರೆ ಕೊಡಿ. ಆದ್ರೆ ಕೊಡೋಕೆ ಮುಂಚೆ ಬೋರಲು ಹಾಕಿ ತಳ ನೋಡಿ. ಹೆಸರಿದ್ರೆ ಒಂದನ್ನಾದ್ರೂ ಉಳಿಸಿ. ಸೊಸೆ ಒಬ್ಬಳೇ ತೀರ್ಮಾನ ಮಾಡ್ಬೇಡಿ, ಹೆಣ್ಣುಮಕ್ಕಳನ್ನೂ ಕೇಳಿ. ಮರಳು ಹಾಕಿ ಉಜ್ಜಬೇಡಿ, ಚುಕ್ಕಿ ಸವೆದು ಹೋಗ್ತವೆ. ಹುಣಿಸೆಹಣ್ಣು, ಮೆತ್ತನೆ ಬಟ್ಟೆ ಸಾಕು. ಕೆಂಡ ಇಲ್ದಿದ್ರೆ ತೆಂಗಿನ ಚಿಪ್ಪು ಸುಟ್ಕೊಳ್ಳಿ, ಇಲ್ಲಾಂದ್ರೆ ಅಂಗಡಿ ಕಪ್ ಸಾಂಬ್ರಾಣೀನೇ ಅದರೊಳಗೆ ಇಟ್ಟು ಹಚ್ಚಿ. ಬಳಸ್ತಾ ಇದ್ರೆ ಅದು ಅಟ್ಟಕ್ಕೆ ಹೋಗಲ್ಲ.

ಆ ಹುಡುಗಿಗೆ ನಿಜ ಹೇಳ್ದೆ. ಬಯ್ಯಲಿಲ್ಲ. "ಅಮ್ಮನ ಹತ್ರ ಅಜ್ಜಿ ಹೆಸರಿರೋ ಚೊಂಬು ಒಂದಿದೆ" ಅಂದ್ಲು. ಅದನ್ನ ಯಾರಿಗೂ ಕೊಡ್ಬೇಡಿ ಅಂತ ನಾದಿನಿಗೆ ಅವತ್ತೇ ಫೋನ್ ಮಾಡಿ ಹೇಳಿದೀನಿ. ಧೂಪಾರತಿ ವಿಷಯಾನೂ ಹೇಳಿದೀನಿ.