ಒಂಬತ್ತನೆಯ ಅಂಗಿಯ ಮೇಲೆ ಗೂಬೆ

ಲಂಡನ್ನಿನ ಚೆಲ್ಸಿ ಫುಟ್‌ಬಾಲ್ ಕ್ಲಬ್ಬಿನ ಒಂಬತ್ತನೆಯ ಸಂಖ್ಯೆಯ ಅಂಗಿಗೆ ಶಾಪ ತಟ್ಟಿದೆಯಂತೆ! ಅದನ್ನು ತೊಟ್ಟ ಮುಂಪಡೆಯ ಆಟಗಾರನ ಕಾಲಿನಿಂದ ಗೋಲು ಹೊರಡುವುದಿಲ್ಲವಂತೆ. ಆ ಅಂಗಿಯನ್ನು ಮುಟ್ಟಲು ಯಾರೂ ಇಷ್ಟಪಡುವುದಿಲ್ಲವೆಂದು ಅಂದಿನ ತರಬೇತುದಾರ ಥಾಮಸ್ ಟೂಖೆಲ್ ಅವರೇ 2022ರ ಆಗಸ್ಟ್‌ನಲ್ಲಿ ಪತ್ರಕರ್ತರ ಮುಂದೆ ಹೇಳಿದ್ದುಂಟು. ನನ್ನಲ್ಲಿ ಗಣಿತ ಕಲಿತು ಇಂದು ಇಂಜಿನಿಯರುಗಳಾಗಿರುವ ಕೆಲವರು ಇದನ್ನು ಗಂಭೀರವಾಗಿಯೇ ಚರ್ಚಿಸುವುದನ್ನು ಕೇಳಿದಾಗ, ಹೇಳಿಕೊಟ್ಟ ಪಾಠವೆಲ್ಲ ಎಲ್ಲಿ ಹೋಯಿತೆಂದು ವ್ಯಥೆಯಾಗುತ್ತದೆ.

ಫರ್ನಾಂಡೊ ಟೊರೆಸ್ ಅವರನ್ನೇ ನೋಡೋಣ. 2011ರ ಜನವರಿ 31ರಂದು ಚೆಲ್ಸಿ ಅವರನ್ನು 5 ಕೋಟಿ ಪೌಂಡ್ ಕೊಟ್ಟು ಲಿವರ್‌ಪೂಲ್‌ನಿಂದ ತಂದಿತು. ಮೊದಲ ಗೋಲು ಬಂದದ್ದು ಏಪ್ರಿಲ್ 23ರಂದು, 903 ನಿಮಿಷಗಳ ಆಟದ ಬಳಿಕ. ಚೆಲ್ಸಿಯಲ್ಲಿ 110 ಲೀಗ್ ಪಂದ್ಯಗಳಿಗೆ 20 ಗೋಲು. ಲಿವರ್‌ಪೂಲ್‌ನಲ್ಲಿಯೋ, 102 ಪಂದ್ಯಗಳಿಗೆ 65! ಅಲ್ಲಿ ಅವರು ತೊಟ್ಟಿದ್ದ ಸಂಖ್ಯೆ ಯಾವುದು? ಅದೇ ಒಂಬತ್ತು. ವ್ಯತ್ಯಾಸವಿದ್ದದ್ದು ಮೊಣಕಾಲಿನಲ್ಲಿ. 2010ರ ಮೊದಲ ನಾಲ್ಕು ತಿಂಗಳಲ್ಲಿಯೇ ಅವರ ಮೊಣಕಾಲಿಗೆ ಎರಡು ಬಾರಿ ಶಸ್ತ್ರಚಿಕಿತ್ಸೆಯಾಗಿತ್ತು. ಅದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಸಂತೆಗೆ ಹೋದ ರೈತ ಎತ್ತಿನ ಕಾಲು ನೋಡದೆ ಹಣ ಎಣಿಸುವುದಿಲ್ಲ.

ಸಾಲದ್ದಕ್ಕೆ, ಆ ತಂಡಕ್ಕೆ ಗೋಲಿನ ಬರವೇನೂ ಇರಲಿಲ್ಲ. ಹಿಂದಿನ ಋತುವಿನಲ್ಲಿ 103 ಗೋಲು ಹೊಡೆದು ಲೀಗ್ ಗೆದ್ದಿತ್ತು; ದ್ರೋಗ್ಬಾ ಒಬ್ಬರೇ 29 ಗಳಿಸಿದ್ದರು. ನಡೆಯುತ್ತಿದ್ದ ಬಂಡಿಗೆ ಹೊಸ ಎತ್ತು ಕಟ್ಟಿ ಎಡವಿದ್ದು ಮಾಲೀಕರು. ಕೆಲಸ ಕಳೆದುಕೊಂಡವರು ಮಾತ್ರ ತರಬೇತುದಾರ ಆಂಚೆಲೊಟ್ಟಿ, 2011ರ ಮೇ 22ರಂದು, ಋತುವಿನ ಕೊನೆಯ ಪಂದ್ಯ ಮುಗಿದ ದಿನವೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

2012ರಲ್ಲಿ ಬಾರ್ಸಿಲೋನಾದ ಅಂಗಳದಲ್ಲಿ ಟೊರೆಸ್ ಹೊಡೆದ ಗೋಲನ್ನು ಕೆಲವರು ನೆನಪಿಸುತ್ತಾರೆ. ಒಳ್ಳೆಯ ಗೋಲು, ಒಪ್ಪಿದೆ. ಆದರೆ ಒಂದು ಸಂಜೆಯ ಸಂತೋಷದಿಂದ ಮೂರೂವರೆ ವರ್ಷದ ಲೆಕ್ಕ ಸರಿಹೋಗದು.

ಈಗ ಲುಕಾಕು. ಈತನದು ಇನ್ನೂ ಸೋಜಿಗ. ಹದಿನೆಂಟರ ಹರೆಯದಲ್ಲಿ, 2011ರಲ್ಲಿ, ಚೆಲ್ಸಿಗೆ ಬಂದ ಹುಡುಗ. ಆಡಲು ಅವಕಾಶ ಕೊಡದೆ 2014ರಲ್ಲಿ ಎವರ್ಟನ್‌ಗೆ 2.8 ಕೋಟಿಗೆ ಮಾರಿದರು. 2021ರ ಆಗಸ್ಟ್‌ನಲ್ಲಿ ಅದೇ ಆಟಗಾರನನ್ನು 9.75 ಕೋಟಿ ಪೌಂಡ್ ಸುರಿದು ಮರಳಿ ಕೊಂಡರು! ಇಂಟರ್ ಮಿಲಾನ್ ತಂಡದಲ್ಲಿ ಜೊತೆಗಾರನೊಬ್ಬನೊಡನೆ, ಎದುರಿಗಿನ ಬಯಲಿನೊಳಕ್ಕೆ ನುಗ್ಗಿ ಓಡುತ್ತ, ಹಿಂದಿನ ಋತುವಿನಲ್ಲಿ 24 ಲೀಗ್ ಗೋಲು ಗಳಿಸಿದ್ದವನು ಆತ. ಅಲ್ಲಿಯೂ ಬೆನ್ನ ಮೇಲಿದ್ದುದು ಒಂಬತ್ತೇ. ಚೆಲ್ಸಿಯಲ್ಲಿ ಆತನನ್ನು ಒಂಟಿಯಾಗಿ, ಗೋಲಿಗೆ ಬೆನ್ನು ಮಾಡಿ ನಿಲ್ಲಿಸಿದರು. 26 ಲೀಗ್ ಪಂದ್ಯ, 8 ಗೋಲು. 2022ರ ಫೆಬ್ರವರಿಯಲ್ಲಿ ಕ್ರಿಸ್ಟಲ್ ಪ್ಯಾಲೆಸ್ ವಿರುದ್ಧ ಇಡೀ ಪಂದ್ಯದಲ್ಲಿ ಆತ ಚೆಂಡು ಮುಟ್ಟಿದ್ದು ಏಳೇ ಸಲ. ಅದರಲ್ಲಿ ಒಂದು ಆಟ ಆರಂಭಿಸುವಾಗಿನದು. ಸಂದರ್ಶನವೊಂದರಲ್ಲಿ ಅಸಮಾಧಾನ ತೋಡಿಕೊಂಡು ತಾನೂ ಕೆಟ್ಟವನಾದ ಎಂಬುದು ನಿಜ. ಆದರೂ ತಮಿಳಿನ ಮೇಷ್ಟ್ರನ್ನು ಕರೆತಂದು ರಸಾಯನಶಾಸ್ತ್ರ ಬೋಧಿಸಲು ನಿಲ್ಲಿಸಿ, ಆಮೇಲೆ ಕೊಠಡಿಯ ವಾಸ್ತು ಸರಿಯಿಲ್ಲವೆಂದರೆ ಹೇಗೆ?

ಇದೆಲ್ಲದರ ನಡುವೆ ನನ್ನನ್ನು ಹೆಚ್ಚು ನೋಯಿಸುವುದು ಟ್ಯಾಮಿ ಅಬ್ರಹಾಂ ಅವರ ಕಥೆ. ಚೆಲ್ಸಿಯ ಅಂಗಳದಲ್ಲಿಯೇ ಬೆಳೆದ ಹುಡುಗ. 2019-20ರಲ್ಲಿ ಇದೇ ‘ಶಾಪಗ್ರಸ್ತ’ ಅಂಗಿ ತೊಟ್ಟು 15 ಲೀಗ್ ಗೋಲು ಹೊಡೆದ. ಹಿತ್ತಲ ಗಿಡ ಮದ್ದಲ್ಲ ನೋಡಿ! ಲುಕಾಕು ಬಂದ ತಿಂಗಳಲ್ಲಿಯೇ ಆತನನ್ನು ರೋಮಾಕ್ಕೆ ಮಾರಿದರು. ಅಲ್ಲಿ ಮೊದಲ ಋತುವಿನಲ್ಲಿಯೇ 17 ಲೀಗ್ ಗೋಲು.

ಲುಕಾಕುವನ್ನು ವರ್ಷ ತುಂಬುವುದರೊಳಗೆ ಇಂಟರ್‌ಗೆ ಎರವಲು ಕಳಿಸಿದರು. ಮಾಲೀಕರು ಬದಲಾದರೂ ಕೊಳ್ಳುವ ಚಾಳಿ ಬದಲಾಗಲಿಲ್ಲ. 33 ವರ್ಷದ ಒಬಾಮೆಯಾಂಗ್ ಬಂದರು. ಲೀಗ್‌ನಲ್ಲಿ ಒಂದೇ ಗೋಲು. 2022-23ರಲ್ಲಿ ತಂಡ 38 ಪಂದ್ಯಗಳಿಗೆ 38 ಗೋಲು ಹೊಡೆದು ಹನ್ನೆರಡನೆಯ ಸ್ಥಾನಕ್ಕೆ ಕುಸಿಯಿತು.

ಶಾಪವನ್ನು ನಂಬುವ ಶಿಷ್ಯೋತ್ತಮರು 2000-01ರಲ್ಲಿ ಚೆಲ್ಸಿಯ ಒಂಬತ್ತನ್ನೇ ತೊಟ್ಟು ಲೀಗಿಗೇ ಅಗ್ರನಾದ ಹ್ಯಾಸಲ್‌ಬೈಂಕ್‌ನ 23 ಗೋಲುಗಳನ್ನು ಯಾವ ಖಾತೆಗೆ ಬರೆಯುತ್ತೀರೆಂದು ಮೊದಲು ನನಗೆ ಉತ್ತರಿಸಲಿ.